ಬಂಪರಿನಲ್ಲಿ ಸಿಕ್ಕ ಬೆಲ್

ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ. ಗ್ಯಾರೇಜಿನ ಶಟರ್ ಅರ್ಧ ಎಳೆದಿದ್ದೇನೆ.

ಅಪ್ಪ,

ನೀನು ಹೋಗಿ ಎರಡು ವರ್ಷವಾದರೂ ನೀನು ಬರೆದದ್ದು ಗೋಡೆಯ ಮೇಲೆ ಹಾಗೇ ಇದೆ: 'ಗಾಡಿಯ ನೆಗ್ಗು ತೆಗೆಯುವುದು ನಮ್ಮ ಕೆಲಸ. ಹೇಗಾಯಿತೆಂದು ಕೇಳುವುದಲ್ಲ.'

ಬೆಳಿಗ್ಗೆ ಭಾವ ಕಾರು ತಂದರು. ಎಡಗಡೆಯ ದೀಪ ಒಡೆದಿತ್ತು, ಬಾನೆಟ್ ಒಳಕ್ಕೆ ಹೋಗಿತ್ತು.

"ನಾಯಿ ಅಡ್ಡ ಬಂತು ಕಣಮ್ಮ. ಸಂಜೆಯೊಳಗೆ ಬಣ್ಣ ಹೊಡೆದು ಕೊಟ್ಬಿಡು."

ಬಂಪರ್ ಬಿಚ್ಚಿದಾಗ ಒಳಗಿನಿಂದ ಸೈಕಲ್ ಬೆಲ್ಲಿನ ಮುಚ್ಚಳ ಬಿತ್ತು.

"ನಾಯಿ ಬೆಲ್ ಹೊಡ್ಕೊಂಡು ಬರ್ತಿತ್ತಾ, ಭಾವ?"

ಸೈಕಲ್ಲಿನಲ್ಲಿ ಪೇಪರ್ ಹಾಕುವ ತಾತನಿಗೆ ನಿನ್ನೆ ಯಾರೋ ಗುದ್ದಿ ಹೋದದ್ದು ಬೀದಿಗೆಲ್ಲ ಗೊತ್ತು. ಅವರಿಗೆ ಇನ್ನೂ ಪ್ರಜ್ಞೆ ಬಂದಿಲ್ಲ.

"ಇಳಿದು ನೋಡಿದ್ರಾ?"

"ಕೈಕಾಲೇ ಆಡ್ಲಿಲ್ಲ. ನಿಮ್ಮಕ್ಕನ ಮುಖ ನೋಡಾದ್ರೂ ಸುಮ್ನಿರು. ನಿಮ್ಮಪ್ಪ ಇದ್ದಿದ್ರೆ ಒಂದು ಮಾತೂ ಕೇಳ್ತಿರಲಿಲ್ಲ."

ಆಕ್ಸಲರೇಟರ್ ಒತ್ತುವುದಕ್ಕೆ ಮಾತ್ರ ಕಾಲು ಚೆನ್ನಾಗಿಯೇ ಆಡಿತು!

ಆದರೆ ಕೊನೆಯ ಮಾತು ನಿಜ. ಅದಕ್ಕೇ ಭಾವನಿಗಿಂತ ನಿನ್ನ ಮೇಲೆ ಸಿಟ್ಟು ಹೆಚ್ಚು. ಆ ಬಿಳಿ ವ್ಯಾನಿನ ಅಡಿಯಿಂದ ನೀನು ಯಾರದೋ ಒಂಟಿ ಚಪ್ಪಲಿ ಎಳೆದು ತೆಗೆದಾಗ ಟಾರ್ಚ್ ಹಿಡಿದಿದ್ದವಳು ನಾನು. ಆಗ ನನಗೆ ಹದಿನೇಳು ವರ್ಷ. ಚಪ್ಪಲಿಯನ್ನು ಕಸಕ್ಕೆ ಹಾಕಿ ನೀನು ಅಂದದ್ದು ಇಷ್ಟೇ: "ಟಾರ್ಚ್ ಅಲ್ಲಾಡಿಸಬೇಡ."

ನಾನು ಅಲ್ಲಾಡಿಸಲಿಲ್ಲ.

ದೀಪದ ಚೂರುಗಳನ್ನೂ ಮುಚ್ಚಳವನ್ನೂ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಕಾರಿನ ಕೀ ನನ್ನ ಜೇಬಿನಲ್ಲಿದೆ. ಐದು ಗಂಟೆಗೆ ಭಾವ ಬಂದಾಗ, ನೀವೇ ಠಾಣೆಗೆ ಬನ್ನಿ ಎನ್ನುತ್ತೇನೆ. ಬರದಿದ್ದರೆ ಡಬ್ಬಿ ಹಿಡಿದು ನಾನೊಬ್ಬಳೇ ಹೋಗುತ್ತೇನೆ.

ಅಕ್ಕನಿಗೆ ಇನ್ನೂ ಫೋನ್ ಮಾಡಿಲ್ಲ.