ಏಳರಲ್ಲೊಂದು ಭಾಗದ ತಾಳೆ

ಶಿರಹಟ್ಟಿ
೩ ಜೂನ್ ೧೯೮೧

ಗೆಳೆಯ ದೇವೇಂದ್ರಪ್ಪನಿಗೆ ಮುದಕಪ್ಪನ ಶರಣು.

೧೯೭೩ರ ಮಾರ್ಚಿನಲ್ಲಿ, ನಾವಿಬ್ಬರೂ ಮಾಸ್ತರರಾಗಿದ್ದ ಶಾಲೆಯಲ್ಲಿ, ಆರನೆಯ ಇಯತ್ತೆಯ ಖೈರುನಬಿಯ ಸರಿಯಾದ ಲೆಕ್ಕಕ್ಕೆ ನೀನು ಸೊನ್ನೆ ಹಾಕಿದೆ. ಎಂಟು ವರ್ಷವಾಯಿತು, ನೀನು ಮರೆತಿರಬಹುದು. ನನಗೆ ಮರೆವು ಬರಲೊಲ್ಲದು. ಅದರಿಂದಲೇ ದಣಿದಿದ್ದೇನೆ.

ಎಂಟರಲ್ಲೊಂದು, ಏಳರಲ್ಲೊಂದು ಭಾಗಗಳನ್ನು ದಶಮಾಂಶಕ್ಕೆ ತರುವ ವಾರ್ಷಿಕ ಪರೀಕ್ಷೆಯ ಪ್ರಶ್ನೆ ಅದು. ಎಂಟರಲ್ಲೊಂದು ಅಂದರೆ ೦.೧೨೫, ಎಂಟರಿಂದ ಗುಣಿಸಿದರೆ ಮತ್ತೆ ಒಂದು. ಹೀಗೆ ಗುಣಿಸಿ ತಾಳೆ ನೋಡದೆ ನೀನು ಯಾರಿಗೂ ಮಾರ್ಕು ಕೊಟ್ಟವನಲ್ಲ. ಏಳರಲ್ಲೊಂದಕ್ಕೆ ಹುಡುಗಿ ೦.೧೪೨೮೫೭ ಎಂದು ಬರೆದು, ಮೊದಲಿನ ಒಂದರ ನೆತ್ತಿಗೂ ಕೊನೆಯ ಏಳರ ನೆತ್ತಿಗೂ ಚುಕ್ಕಿ ಇಟ್ಟಿದ್ದಳು. ನೀನು ಚುಕ್ಕಿ ಬಿಟ್ಟು ಏಳರಿಂದ ಗುಣಿಸಿದೆ. ೦.೯೯೯೯೯೯ ಬಂತು.

ಇಡೀ ವರ್ಗದ ಮುಂದೆ ನಿಲ್ಲಿಸಿ, "ಉಳಿದ ಚೂರು ಎಲ್ಲಿ ಹೋತಬೇ, ಸೇಂಗಾದ ಜೋಡಿ ತಿಂದ್ಯೇನು?" ಅಂದೆ.

"ತಿಂದಿಲ್ರಿ ಸರ. ಭಾಗಿಸ್ಕೋತ ಹೋದ್ರ ಶೇಷ ಮತ್ತ ಒಂದ ಬರ್ತೈತ್ರಿ. ಅವ ಆರು ಅಂಕಿ ಮತ್ತ ಸುರು ಆಗ್ತಾವು. ಇದು ಮುಗ್ಯಾಂಗಿಲ್ರಿ" ಅಂದಳು.

"ಮುಗೀಲಾರದ್ದು ಲೆಕ್ಕಲ್ಲ, ನಿನ್ನ ಬಾಯಿ!" ಅಂದೆ. ವರ್ಗ ನಕ್ಕಿತು.

ಆವರ್ತ ದಶಮಾಂಶದ ಪಾಠ ಹೊಸ ಪುಸ್ತಕದಲ್ಲಿತ್ತು, ದೇವೇಂದ್ರಪ್ಪ. ಛೇದ ಎರಡು, ಐದುಗಳಿಂದಷ್ಟೇ ಒಡೆದರೆ ಭಾಗಾಕಾರ ಮುಗಿಯುತ್ತದೆ, ಏಳಿದ್ದರೆ ಅವೇ ಅಂಕಿಗಳು ತಿರುತಿರುಗಿ ಬರುತ್ತವೆ, ನೆತ್ತಿಯ ಚುಕ್ಕಿ ಅದರ ಗುರುತು ಎಂದು ಅಚ್ಚಾಗಿತ್ತು. ನೀನು ಆ ಪಾಠ ಹಾರಿಸಿದ್ದೆ. ಆಕೆ ತಾನೇ ಓದಿಕೊಂಡಿದ್ದಳು.

ಆ ಸೊನ್ನೆಯಿಂದ ನಪಾಸಾದಳು. 'ಮುಗೀಲಾರದಾಕಿ' ಎಂದೇ ಓಣಿಯಲ್ಲಿ ಹೆಸರಾಯಿತು. ಆಕೆಯ ಅಪ್ಪ, ದರ್ಜಿ ಲಾಡಸಾಬ, ಶಾಲೆ ಬಿಡಿಸಿದ. ಈಗ ಕಿರಿಮಗಳು ಸುಗ್ರಾಬಿಯನ್ನೂ ಬಿಡಿಸುವವನಿದ್ದಾನೆ. ನಿನ್ನೆ ನಾನು ಹೋಗಿ, ದೊಡ್ಡಾಕೆಯ ಲೆಕ್ಕ ಸರಿ ಇತ್ತಪ್ಪಾ ಅಂದೆ. ಹೊಲಿಗೆ ಮಷೀನು ನಿಲ್ಲಿಸದೆ ಆತ, "ನೀವು ಮನ್ಯಾಗ ಬಂದು ಹೇಳಿದ್ರ ಆಗಾಂಗಿಲ್ರಿ ಸರ. ಮಂದಿ ಮುಂದ ತಪ್ಪಂದವರು ಮಂದಿ ಮುಂದನ ಸರಿ ಅನ್ಲಿ. ಮರುದಿನಾನ ಸಣ್ಣಾಕಿನ್ನ ಕಳಸ್ತೀನಿ" ಅಂದ.

ಗುಂಡಿ ಹಚ್ಚುತ್ತ ಕೂತಿದ್ದ ಖೈರುನಬಿ ತಲೆ ಎತ್ತಿ ಕೇಳಿದಳು: "ಸರ, ಖರೆನ ಸರಿ ಇತ್ತೇನ್ರಿ?"

ಎಂಟು ವರ್ಷ ಆಕೆಯೂ ತನ್ನ ಲೆಕ್ಕ ತಪ್ಪೆಂದೇ ನಂಬಿದ್ದಳು.

ಬರುವ ರವಿವಾರ ಲಕ್ಷ್ಮೇಶ್ವರದಲ್ಲಿ ಹಳೆಯ ವಿದ್ಯಾರ್ಥಿಗಳು ನಿನಗೆ ಶಾಲು ಹೊದಿಸುತ್ತಾರಂತೆ. ಲಾಡಸಾಬನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂಡಿಸುತ್ತೇನೆ. ಶಾಲು ಹೊದೆಯುವ ಮೊದಲು ಹೇಳು: ಆ ಲೆಕ್ಕ ಸರಿಯೋ, ತಪ್ಪೋ?

ನಿನ್ನ
ಮುದಕಪ್ಪ

ತಾ.ಕ.: ಮಗಳು ನಪಾಸಾದಾಗ ಲಾಡಸಾಬ ಶಾಲೆಗೆ ಬಂದು, ಇನ್ನೊಮ್ಮೆ ನೋಡ್ರಿ ಎಂದು ಆ ಉತ್ತರಪತ್ರಿಕೆಯನ್ನು ನನ್ನ ಕೈಗೇ ಕೊಡಿಸಿದ್ದ. ಸರಿ ಇದೆಯೆಂದು ನನಗೆ ಆಗಲೇ ತಿಳಿದಿತ್ತು. ಸ್ನೇಹ ಕೆಡಬಾರದೆಂದು ನಿನ್ನ ಸೊನ್ನೆಯ ಕೆಳಗೆ ನಾನೂ ಸಹಿ ಮಾಡಿದೆ. ರವಿವಾರ ನಾನೂ ಎದ್ದು ನಿಂತು ಅದನ್ನು ಹೇಳುತ್ತೇನೆ. ಮೊದಲು ನಿನ್ನ ಉತ್ತರ ಬರಲಿ, ಮಂದಿಯ ಮುಂದೆ.