ಅಪ್ಪನ ಹೆಸರಿನ ಏಳು ಉಲ್ಲೇಖ

ದಾವಣಗೆರೆ, 20-11-1998, ಶುಕ್ರವಾರ

ಬಡ್ತಿಯ ಅರ್ಜಿ ಇವತ್ತೂ ವಾಪಸ್ಸು ಬಂತು. ನನ್ನ ಪ್ರಬಂಧವನ್ನು ಬೇರೆಯವರು ಎಲ್ಲೆಲ್ಲಿ ಉಲ್ಲೇಖಿಸಿದ್ದಾರೆಂಬ ಪಟ್ಟಿಯನ್ನು ಹಳೆಯ ವಿದ್ಯಾರ್ಥಿನಿ ಅಂಬಿಕಾ ಬೆಂಗಳೂರಿನಿಂದ ಜೆರಾಕ್ಸ್ ಮಾಡಿಸಿ ಕಳಿಸಿದ್ದಳು. ಏಳು ಕಡೆ. ಏಳೂ ಅಪ್ಪ ಬಕ್ಕೇಶಪ್ಪನ ಹೆಸರಿನಲ್ಲಿವೆ.

"ಇದು ಬ್ಯಾರೆಯವ್ರ ಹೆಸ್ರೈತಲ್ರಿ ಸರ್. ಬಕ್ಕೇಶಪ್ಪ ಅಂದ್ರ ನಾನೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬರ್ರಿ," ಎಂದರು ಕಾಲೇಜಿನ ಗುಮಾಸ್ತರು.

ತಪ್ಪು ನನ್ನದೇ. ವಿದೇಶಿ ಪತ್ರಿಕೆಯವರು ಮನೆತನದ ಹೆಸರು ಕೇಳಿದಾಗ, ನಮಗೆಲ್ಲಿಯದು ಎಂದುಕೊಂಡು ಅಪ್ಪನ ಹೆಸರು ಬರೆದಿದ್ದೆ. ಅವರು ಉಲ್ಲೇಖಿಸುವುದು ಆ ಹೆಸರಿನಿಂದಲೇ; ಕೊಟ್ರೇಶ್ ಎಂಬ ನಾನು ಅದರ ಪಕ್ಕದಲ್ಲಿ ಬರೀ ಒಂದು ಇನಿಷಿಯಲ್ ಆಗಿ ಉಳಿದೆ.

ನಂದಿಗುಡಿಯ ಗದ್ದೆ ಬಿಟ್ಟರೆ ಹರಿಹರದ ಸಂತೆ, ಅದರಾಚೆ ಹೋಗದ ಹೆಬ್ಬೆಟ್ಟಿನ ಅಪ್ಪ ಈಗ ಜರ್ಮನಿಯಲ್ಲೂ ಜಪಾನಿನಲ್ಲೂ ಇದ್ದಾನೆ. ನಗು ಬಂತು. ಹೇಳಿಕೊಂಡು ನಗೋಣವೆಂದರೆ ಕೆ.ಬಿ. ಬಡಾವಣೆಯ ಈ ಕೋಣೆಯಲ್ಲಿ ಯಾರಿದ್ದಾರೆ? ಅಪ್ಪ ಹೋಗಿಯೇ ಆರು ವರ್ಷವಾಯಿತು.

ಹಳೆಯ ಕೋಟೆಗಳ ಗಾರೆಯಲ್ಲಿ ಬೆಲ್ಲ ಬೆರೆತಿದೆಯೆಂದು ತೋರಿಸಿದ ಪ್ರಬಂಧ ಅದು. ಸಂತೆಯ ದಾರಿಯಲ್ಲೊಂದು ಹಳೆಯ ಗೋಡೆ ಮುಟ್ಟಿ, "ಇದಕ್ಕ ಬೆಲ್ಲ ಹಾಕ್ಯಾರ ನೋಡಪಾ," ಎಂದು ಮೊದಲು ಹೇಳಿದವನು ಅಪ್ಪ. ಕೃತಜ್ಞತೆಯ ಸಾಲಿನಲ್ಲಿ ಪ್ರಿನ್ಸಿಪಾಲರ ಹೆಸರಿದೆ, ಅವನದಿಲ್ಲ.

ನಾಳೆ ಛಾಪಾ ಕಾಗದದ ಮೇಲೆ ಬಕ್ಕೇಶಪ್ಪ ನಾನೇ ಎಂದು ಪ್ರಮಾಣ ಮಾಡಬೇಕು.