ದೊಡ್ಡದು ಒಂದೂವರೆಯೇ, ಅಪ್ಪಾ

ಅಪ್ಪಾ,

ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ನೀನಿದ್ದಾಗ ಎದುರು ನಿಂತು ಮಾತಾಡುವ ಧೈರ್ಯ ನನಗಿರಲಿಲ್ಲ. ಈಗ ನೀನು ಕಣ್ಣು ಕೆಂಪಗೆ ಮಾಡಿದರೂ ಕಾಣುವುದಿಲ್ಲವಲ್ಲ.

ಮುಡಬಿ ಶಾಲೆಯಲ್ಲಿ ನೀನು ಹೆಡ್ ಮಾಸ್ತರ, ನಾನು ಪಾಠ ಹೇಳಲು ಹೊಸದಾಗಿ ಸೇರಿದ ಅಕ್ಕೋರು. ೧.೫ ಮೀಟರ್, ೧.೧೨ ಮೀಟರ್, ಯಾವುದು ದೊಡ್ಡದು ಎಂದು ನಾಲ್ಕನೇ ಇಯತ್ತೆಯ ಪರೀಕ್ಷೆಯಲ್ಲಿ ಕೇಳಿದ್ದೆ. ನನ್ನ ತರಗತಿಯ ಕಾಶಿಬಾಯಿ ೧.೫ ಎಂದು ಬರೆದಳು. ಉತ್ತರಪತ್ರಿಕೆ ನೋಡುವವನು ನೀನು, ಅದು ತಪ್ಪೆಂದು ಕೆಂಪು ಶಾಯಿಯಲ್ಲಿ ಗೀಟು ಹಾಕಿದೆ. ನಿಜಾಮನ ಕಾಲದಲ್ಲಿ ಕಲಿತವನು ನೀನು. ನಿನಗೆ ಹದಿನಾರು ಗಿರಾ ಸೇರಿದರೆ ಒಂದು ಗಜ. ಬಿಂದುವಿನ ಆಚೆಗಿದ್ದದ್ದನ್ನು ಗಿರಾ ಎಂದೇ ಓದಿದೆ. ಐದಕ್ಕಿಂತ ಹನ್ನೆರಡು ದೊಡ್ಡದು, ಮುಗಿಯಿತು. ಹೊಸ ಅಳತೆ, ಯಾರಿಗಾದರೂ ತಪ್ಪುತ್ತದೆ. ಅದಕ್ಕೆ ನನಗೆ ಸಿಟ್ಟಿಲ್ಲ.

ಮರುದಿನ ಮೀಟರ್ ಉದ್ದದ ಕಾಗದದ ಪಟ್ಟಿ ಕತ್ತರಿಸಿ, ಹತ್ತು ಪಾಲು ಮಾಡಿ, ಒಂದೊಂದು ಪಾಲಿನಲ್ಲೂ ಮತ್ತೆ ಹತ್ತು ಗೆರೆ ಎಳೆದು ನಿನ್ನ ಮುಂದೆ ಹಾಸಿದೆ. ನೆನಪಿದೆಯೇ? ನೀನು ಬೆರಳಿಟ್ಟು ಎರಡು ಸಲ ಎಣಿಸಿದೆ. ತಪ್ಪು ತಿಳಿಯಿತು. ಆ ಪ್ರಶ್ನೆಯ ಎರಡು ಮಾರ್ಕು ಕೊಟ್ಟಿದ್ದರೆ ಹುಡುಗಿ ಪಾಸು. ನೀನು ಪಟ್ಟಿಯನ್ನು ಸುತ್ತಿಟ್ಟು ಅಂದದ್ದು ಇಷ್ಟು: "ಮಾಸ್ತರ ಹಾಕಿದ ಮಾರ್ಕು ತಿದ್ದಿದ್ರ ಊರಾಗ ಮರ್ಯಾದಿ ಏನ್ ಉಳೀತದ? ಮುಂದಿನ ವರ್ಷ ಪಾಸ್ ಆಗ್ತಾಳ, ಬಿಡು."

ಮುಂದಿನ ವರ್ಷ ಎಲ್ಲಿ ಬಂತು ಅಪ್ಪಾ? ನಪಾಸಾದ ಹುಡುಗಿಗೆ ಶಾಲೆ ಯಾಕೆಂದು ಅವಳಪ್ಪ ಕಳೆ ತೆಗೆಯಲು ಕಳಿಸಿದ. ನೀನು ದಿನಾ ಅದೇ ಹೊಲದ ಬದುವಿನ ಮೇಲೆ ಶಾಲೆಗೆ ಹೋಗುತ್ತಿದ್ದೆ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ...

ಈಗ ನಾನು ಹುಮನಾಬಾದಿನಲ್ಲಿದ್ದೇನೆ. ನನ್ನ ತರಗತಿಯಲ್ಲಿ ಪ್ರತಿ ಮಗುವಿಗೂ ಅಂಥದೊಂದು ಪಟ್ಟಿ. ಬೆಂಚು, ಕಿಟಕಿ, ಪಕ್ಕದವರ ಜಡೆ, ಎಲ್ಲವನ್ನೂ ಅಳೆದು ಬಿಂದು ಇಟ್ಟು ಬರೆಯಬೇಕು. ಹೋದ ವಾರ ಮಗಳನ್ನು ಸೇರಿಸಲು ಒಬ್ಬ ತಾಯಿ ಬಂದಳು. ಕಾಶಿಬಾಯಿ! ಮಕ್ಕಳು ಅಳೆಯುವುದನ್ನು ಬಹಳ ಹೊತ್ತು ನೋಡುತ್ತ ನಿಂತಳು.

"ನಾ ಬರೆದದ್ದು ಖರೇನೇ ಇತ್ತೇನ್ರಿ, ಅಕ್ಕೋರ?"

ಹೌದು ಎಂದೆ.

"ಅವತ್ತು ನಿಮಗ ಗೊತ್ತಿತ್ತೇನ್ರಿ?"

ಗೊತ್ತಿತ್ತು ಎಂದೆ. ಅವಳು ಹೆಸರು ಹಚ್ಚಿಸದೆಯೇ ಮಗಳ ಕೈ ಹಿಡಿದುಕೊಂಡು ಹೊರಟುಹೋದಳು.

ನಾಳೆ ಅವಳ ಮನೆಗೆ ಹೋಗುತ್ತೇನೆ. ಅವಳ ಗಂಡ, ಅತ್ತೆ, ಎಲ್ಲರ ಮುಂದೆ ಹೇಳುತ್ತೇನೆ: ಇವಳು ನಪಾಸಾಗಿರಲಿಲ್ಲ, ನಮ್ಮಪ್ಪ ನಪಾಸು ಮಾಡಿದ, ನಾನು ಬಾಯಿ ಮುಚ್ಚಿಕೊಂಡಿದ್ದೆ. ಮಗಳನ್ನು ನನ್ನ ಹತ್ತಿರ ಕಳಿಸು ಎಂದು ಕೇಳುವ ಮೊದಲು ಇಷ್ಟಾದರೂ ಹೇಳಬೇಕು.

ಸುಶೀಲಾ